ಡಿನ್ನರ್ ಎಷ್ಟು ಗಂಟೆಗೆ

ಡೆಲ್ಫಿಯಾ ಸ್ಟ್ಯಾಂಪರ್ ಬಗ್ಗೆ ಬರೆಯುವ ಹಕ್ಕು ನನಗಿಲ್ಲ. ಆಕೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಹತ್ತಾರು ಜನ ಇದ್ದಾರೆ. ಆದರೆ ಅವರಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತು. ಅದನ್ನು ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಬಿಳಿ ಕೋಟು ತೊಟ್ಟು, ತಲೆ ಎತ್ತಿಕೊಂಡು ಓಡಾಡಿದ್ದೇನೆ. ಇನ್ನು ಆಗುವುದಿಲ್ಲ.

ಕೆಂಟಕಿಯ ಗುಡ್ಡಗಳು ಮುಗಿದು ಬಯಲು ಶುರುವಾಗುವಲ್ಲಿ ನಮ್ಮ ಆಸ್ಪತ್ರೆ ಇದೆ. ಸಣ್ಣಪುಟ್ಟ ಕಾಯಿಲೆಗೆ ಗುಡ್ಡದವರು ಅಲ್ಲೇ ಏನೋ ಮಾಡಿಕೊಳ್ಳುತ್ತಾರೆ. ಕೈಮೀರಿದರೆ ಮಾತ್ರ ಇಳಿದು ನಮ್ಮ ಹತ್ತಿರ ಬರುತ್ತಾರೆ. ಹಾಗೆ ಬಂದು ದಾಖಲಾದವರು ಮನೆಯಲ್ಲಿ ಯಾವ ಔಷಧಿ, ಎಷ್ಟು, ಯಾವಾಗ ತೆಗೆದುಕೊಳ್ಳುತ್ತಿದ್ದರು ಎಂದು ವಿಚಾರಿಸಿ ಬರೆದಿಡುವುದು ಡೆಲ್ಫಿಯಾ ಕೆಲಸ. ಹತ್ತೊಂಬತ್ತು ವರ್ಷದಿಂದ ಆಕೆ ಅದನ್ನೇ ಮಾಡಿಕೊಂಡು ಬಂದಿದ್ದರು. ಪದವಿ ಗಿದವಿ ಇಲ್ಲ. ಹುದ್ದೆಯ ಹೆಸರು ಔಷಧಾಲಯದ ಟೆಕ್ನಿಷಿಯನ್. ದಪ್ಪ ಮೈ, ದಾರಕ್ಕೆ ಕಟ್ಟಿ ಎದೆ ಮೇಲೆ ಇಳಿಬಿಟ್ಟ ಕನ್ನಡಕ. ಎಲ್ಲವೂ ಕಂಪ್ಯೂಟರಿಗೆ ಹೋಗಿ ಎಷ್ಟೋ ವರ್ಷವಾಗಿದ್ದರೂ ಕಿವಿ ಹಿಂದೆ ಒಂದು ಪೆನ್ಸಿಲ್ಲು.

ಆಕೆಗೆ ಒಂದು ಅಭ್ಯಾಸವಿತ್ತು. ರೋಗಿ ಹೇಳಿದ ಮಾತನ್ನು ಬದಲಿಸದೆ, ಹೇಳಿದ ಹಾಗೇ, ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ ಬರೆಯುತ್ತಿದ್ದರು. ಆ ಚಿಹ್ನೆಗಳಿಗೆ ಆಕೆ ಇಟ್ಟ ಹೆಸರು ಕೊಕ್ಕೆ.

“ಕೊಕ್ಕೆ ಒಳಗಿದ್ರೆ ಅವ್ರ ಮಾತು, ಹೊರಗಿದ್ರೆ ನನ್ ಮಾತು,” ಎಂದು ಮೊದಲ ದಿನವೇ ನನಗೆ ಹೇಳಿದರು. “ಹೊರಗಿರೋದಕ್ಕೆ ನಾನು ಜವಾಬ್ದಾರಿ. ಒಳಗಿರೋದನ್ನ ನೀವು ಓದಿರೋರು ಬಿಡಿಸ್ಕೋಬೇಕು. ಅನುಮಾನ ಬಂದ್ರೆ ಕೇಳ್ಬೇಕು. ಕೇಳಕ್ಕೇನು ನಾಚ್ಕೆ?”

ಆ ಅಭ್ಯಾಸದಿಂದ ಎಷ್ಟು ಜೀವ ಉಳಿದಿದೆಯೋ ಲೆಕ್ಕವಿಲ್ಲ. ಹೃದಯ ಸೋತು ಕಾಲೆಲ್ಲ ಊದಿಕೊಂಡಿದ್ದ ಒಬ್ಬ ಅಜ್ಜಿ. ನೀರಿಳಿಸುವ ಮಾತ್ರೆಯನ್ನು ಡಾಕ್ಟರುಗಳು ಮೂರು ಸಲ ಏರಿಸಿದ್ದರೂ ಊತ ಇಳಿದಿರಲಿಲ್ಲ. ಡೆಲ್ಫಿಯಾ ಹೋಗಿ ಪಕ್ಕದಲ್ಲಿ ಕೂತು ಕಾಲು ಗಂಟೆ ಮಾತಾಡಿಸಿ ಬರೆದುಕೊಂಡು ಬಂದದ್ದು ಇಷ್ಟು: “ಅರ್ಧ ನಂಗೆ, ಅರ್ಧ ನಮ್ ನಾಯಿಗೆ. ಪಾಪ, ಅದಕ್ಕೂ ಹಾರ್ಟು.” ಆ ಸಾಲು ಓದಿ ಇಡೀ ವಾರ್ಡು ಬಿದ್ದು ಬಿದ್ದು ನಕ್ಕಿತು, ಆಮೇಲೆ ನಾಲಿಗೆ ಕಚ್ಚಿಕೊಂಡಿತು. ಮತ್ತೊಂದು ಸಲ ಏರಿಸಿದ್ದಿದ್ದರೆ, ಆಸ್ಪತ್ರೆಯಲ್ಲಿ ಪೂರ್ತಿ ಮಾತ್ರೆ ನುಂಗಿದ ಅಜ್ಜಿಯ ಮೂತ್ರಪಿಂಡ ಕೆಟ್ಟುಹೋಗುತ್ತಿತ್ತು.

ನಾನು ಅಲ್ಲಿಗೆ ಬಂದದ್ದು ಮೊದಲ ವರ್ಷದ ರೆಸಿಡೆಂಟ್ ಆಗಿ. ಔಷಧಿಶಾಸ್ತ್ರದಲ್ಲಿ ಡಾಕ್ಟರ್ ಅನ್ನಿಸಿಕೊಂಡ ಮೇಲೂ ಆಸ್ಪತ್ರೆಯಲ್ಲಿ ಒಂದು ವರ್ಷ ಪಳಗಬೇಕು. ತಿಂಗಳಿಗೊಂದು ಸರದಿ. ಒಂದು ತಿಂಗಳು ಹೃದಯದ ವಾರ್ಡು, ಒಂದು ತಿಂಗಳು ತೀವ್ರ ನಿಗಾ ಘಟಕ, ಹೀಗೆ. ಕಾಗದದಲ್ಲಿ ಅದಕ್ಕೆ ಸರದಿ ಎನ್ನುವುದಿಲ್ಲ, ‘ಕಲಿಕೆಯ ಅನುಭವ’ ಎನ್ನುತ್ತಾರೆ. ಪ್ರತಿ ಅನುಭವದ ಕೊನೆಗೆ ನಮ್ಮ ಕಡತದಲ್ಲಿ ‘ಸಾಧಿಸಿದ್ದಾರೆ’ ಎಂದು ಬರಬೇಕು. ‘ಸುಧಾರಿಸಬೇಕು’ ಎಂದು ಬಂತೋ, ಮುಂದಿನ ದಾರಿಗೆ ಕಲ್ಲು ಬಿತ್ತು. ನನಗೆ ಎರಡನೇ ವರ್ಷಕ್ಕೆ ಉತ್ತರದ ದೊಡ್ಡ ನಗರವೊಂದರ ಮಕ್ಕಳ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿ ಇದ್ದದ್ದು ಎರಡೇ ಜಾಗ. ನಮ್ಮ ತರಬೇತಿಯ ಮುಖ್ಯಸ್ಥ ಡಾಕ್ಟರ್ ಪ್ರೂಯಿಟ್ ಒಳ್ಳೆಯ ಪತ್ರ ಕೊಟ್ಟರೆ ಮಾತ್ರ ಸಿಗುವಂಥದ್ದು.

ಅಕ್ಟೋಬರ್ ತಿಂಗಳಲ್ಲಿ ನನ್ನ ಸರದಿ ಡೆಲ್ಫಿಯಾ ಜೊತೆ ಬಿತ್ತು. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಆಕೆ ಕನ್ನಡಕ ಏರಿಸಿ ಓದಿದರು.

“ತಮಾರಾ ಸ್ಲೋನ್. ಸ್ಲೋನ್ ಅಂದ್ರೆ ಗುಡ್ಡದ್ ಹೆಸ್ರಲ್ವಾ? ಯಾರ್ ಮಗ್ಳವ್ವ ನೀನು?”

ಗುಡ್ಡದವರು ಇಬ್ಬರು ಎಲ್ಲಿ ಸೇರಿದರೂ ಮೊದಲು ಕೇಳುವುದು ಇದನ್ನೇ. ಸರಿಯಾಗಿ ಉತ್ತರ ಕೊಟ್ಟರೆ ಐದು ನಿಮಿಷದಲ್ಲಿ ಯಾರೋ ದೊಡ್ಡಮ್ಮನ ಕಡೆಯಿಂದ ನೆಂಟಸ್ತನ ಹೊರಟು, ಮಾತು ಮನೆಗೆ ಬಂದು ಮುಟ್ಟುತ್ತದೆ.

“ಇಲ್ಲ, ನಾವು ಲೂಯಿವಿಲ್ ಕಡೆಯವರು,” ಎಂದೆ.

ಸುಳ್ಳು. ನಾನು ಕಾಡಿಲ್ ಕೊಳ್ಳದ ಒಪಲ್ ಸ್ಲೋನ್ ಮೊಮ್ಮಗಳು. ಅಜ್ಜಿಯೇ ಸಾಕಿದ್ದು. ಮನೆಯಲ್ಲಿ ನನ್ನ ಹೆಸರು ಟ್ಯಾಮಿ. ಲೂಯಿವಿಲ್ ಪೇಟೆಯನ್ನು ನೋಡಿದ್ದು ಎರಡೇ ಸಲ, ಅದೂ ಶಾಲೆಯ ಬಸ್ಸಿನ ಕಿಟಕಿಯಿಂದ.

ಈ ಸುಳ್ಳಿಗೂ ಒಂದು ಕತೆ ಇದೆ. ಕಾಲೇಜಿನ ಮೊದಲ ವರ್ಷ ಮೆರಿಡಿತ್ ಎಂಬ ಪೇಟೆಯ ಹುಡುಗಿಯನ್ನು ಭಾನುವಾರ ಡಿನ್ನರ್‌ಗೆ ಬಾ ಎಂದು ಕರೆದಿದ್ದೆ. ನಮ್ಮ ಗುಡ್ಡದ ಕಡೆ ಡಿನ್ನರ್ ಎಂದರೆ ಮಧ್ಯಾಹ್ನದ ಊಟ. ದಿನದ ದೊಡ್ಡ ಊಟ ಅದೇ. ಸಂಜೆಯದು ಸಪ್ಪರ್. ಅದು ಬರೀ ಹಾಲಿಗೆ ಜೋಳದ ಬ್ರೆಡ್ಡು ಪುಡಿ ಮಾಡಿ ಹಾಕಿಕೊಂಡು ಮುಗಿಸುವ ಊಟ. ಹನ್ನೆರಡಕ್ಕೆ ಬಿಸಿಬಿಸಿ ಮಾಡಿಟ್ಟು ಕಾದೆ. ಎರಡಾಯಿತು, ಮೂರಾಯಿತು. ಅವಮಾನವಾಗಿ ಒಬ್ಬಳೇ ಉಂಡು ಪಾತ್ರೆ ತೊಳೆದೆ. ಸಂಜೆ ಏಳಕ್ಕೆ ಮೆರಿಡಿತ್ ಹೂವು ಹಿಡಿದುಕೊಂಡು ನಗುನಗುತ್ತಾ ಬಾಗಿಲಲ್ಲಿ ನಿಂತಳು. ವಿಷಯ ತಿಳಿದ ಮೇಲೆ ಅವಳು ಕೆಟ್ಟ ಮನಸ್ಸಿನಿಂದೇನೂ ನಗಲಿಲ್ಲ. ಆದರೆ ಸೋಮವಾರ ಇಡೀ ತರಗತಿ ನಕ್ಕಿತು. ಅದಾದ ಮೇಲೆ ವರ್ಷಗಟ್ಟಲೆ ಯಾರಾದರೂ ಮಧ್ಯಾಹ್ನ ಸ್ಯಾಂಡ್‌ವಿಚ್ ಬಿಚ್ಚಿದರೆ “ಟ್ಯಾಮಿ, ಡಿನ್ನರ್ ರೆಡಿ!” ಎಂದು ಕೂಗುತ್ತಿದ್ದರು. ನಾನು ಟ್ಯಾಮಿಯನ್ನು ಬಿಟ್ಟೆ, ಡಿನ್ನರ್ ಬಿಟ್ಟೆ, ಮಾತಿನ ರಾಗ ಬಿಟ್ಟೆ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ ಬಿಟ್ಟೆ. ಅದೇ ಮೆರಿಡಿತ್ ಈಗ ಇದೇ ಆಸ್ಪತ್ರೆಯಲ್ಲಿ ನನ್ನ ಜೊತೆಗೇ ರೆಸಿಡೆಂಟ್.

ಡೆಲ್ಫಿಯಾ ನನ್ನ ಸುಳ್ಳನ್ನು ನಂಬಿದರು ಎಂದುಕೊಂಡಿದ್ದೆ. ಎರಡನೇ ವಾರ ಮಧ್ಯಾಹ್ನ ಅಜ್ಜಿ ಫೋನು ಮಾಡಿದಳು. ಮೆಟ್ಟಿಲ ಮೂಲೆಗೆ ಹೋಗಿ ನಿಂತು ಮಾತಾಡಿದೆ. ಅಜ್ಜಿಯ ದನಿ ಕೇಳಿದರೆ ನನ್ನ ನಾಲಿಗೆ ತನ್ನಷ್ಟಕ್ಕೆ ಹಳೆಯ ಜಾಗಕ್ಕೆ ಹೋಗಿಬಿಡುತ್ತದೆ.

“ಇಲ್ಲ ಕಣಜ್ಜಿ, ಈಗ್ಲೇ ಡಿನ್ನರ್ ಉಣ್ತಾ ಇವ್ನಿ. ಹನ್ನೆರಡೂವರೆ ಆಯ್ತಲ್ಲ. ಸಪ್ಪರ್ ಹೊತ್ಗೆ ನಾನೇ ಮಾಡ್ತೀನಿ ಬುಡು.”

ತಿರುಗಿ ನೋಡಿದರೆ ಡೆಲ್ಫಿಯಾ, ಕೈಯಲ್ಲಿ ಊಟದ ಡಬ್ಬಿ, ಎರಡು ಮೆಟ್ಟಿಲ ಮೇಲೆ. ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಆ ದಿನದಿಂದ ಆಕೆ ಮಾತ್ರ ನನ್ನನ್ನು ಎಲ್ಲರೆದುರು “ಡಾಕ್ಟರ್ ಸ್ಲೋನ್” ಎಂದೇ ಕರೆಯತೊಡಗಿದರು. ಮರ್ಯಾದೆ ಕೊಟ್ಟರು ಎಂದುಕೊಂಡು ಒಳಗೊಳಗೇ ಖುಷಿಪಟ್ಟ ಮೂರ್ಖಳು ನಾನು.

ಆರ್ಲಿಸ್ ಗೇಹಾರ್ಟ್ ಬಂದದ್ದು ಮೂರನೇ ವಾರ. ಎಪ್ಪತ್ತೊಂದು ವಯಸ್ಸು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣಿಗೆ ಸೋಂಕು. ಮಧ್ಯಾಹ್ನ ಮೂರಕ್ಕೆ ಹಾಸಿಗೆ ಸಿಕ್ಕಿತು. ಡೆಲ್ಫಿಯಾ ಹೋಗಿ ಮಾತಾಡಿಸಿ ಬರೆದು ತಂದರು. ಇನ್ಸುಲಿನ್ ಸಾಲಿನಲ್ಲಿ ಕೊಕ್ಕೆಯೊಳಗೆ ಹೀಗಿತ್ತು: “ತಿಂಡಿಗೆ ಹನ್ನೆರಡು ಯೂನಿಟ್ಟು, ಡಿನ್ನರ್‌ಗೆ ಇಪ್ಪತ್ತೆಂಟು.” ಬರೆದಿಟ್ಟು ಇನ್ನೊಬ್ಬ ರೋಗಿಯ ಕಡೆ ಹೋದರು.

ಕಂಪ್ಯೂಟರಿಗೆ ಕೊಕ್ಕೆ ಅರ್ಥವಾಗುವುದಿಲ್ಲ, ಅದಕ್ಕೆ ಗಂಟೆ ಬೇಕು. ಮಾತನ್ನು ಗಂಟೆಯಾಗಿ ಬದಲಿಸಿ ತುಂಬುವುದು ರೆಸಿಡೆಂಟಿನ ಕೆಲಸ. ನಾನು ಪರದೆ ಮುಂದೆ ಕೂತಿದ್ದೆ. ಹಿಂದೆ ಡಾಕ್ಟರ್ ಪ್ರೂಯಿಟ್ ನಿಂತಿದ್ದರು, ಪಕ್ಕದ ಕುರ್ಚಿಯಲ್ಲಿ ಮೆರಿಡಿತ್.

ಪ್ರೂಯಿಟ್ ಬಗ್ಗಿ ಓದಿದರು. “ಡಿನ್ನರ್‌ಗೆ ಅಂದ್ರೆ... ಸಂಜೆ ಆರಕ್ಕೆ. ಅಲ್ವಾ ತಮಾರಾ?”

ಇಲ್ಲಿ ನಾನು ಸುಳ್ಳು ಹೇಳಬಾರದು. ನನಗೆ ಗೊತ್ತಾಗಲಿಲ್ಲ ಎನ್ನುವ ಹಾಗಿಲ್ಲ. ಗೇಹಾರ್ಟ್ ಎನ್ನುವ ಹೆಸರು ನೋಡಿದಾಗಲೇ ಯಾವ ಹೊಳೆಯ ದಡದವರು ಎಂದು ತಿಳಿದಿತ್ತು. ಡಿನ್ನರ್ ಎಂಬ ಪದ ಓದಿದಾಗ ಅಜ್ಜಿಯ ಅಡಿಗೆಮನೆಯ ಗೋಡೆ ಗಡಿಯಾರದಲ್ಲಿ ಎರಡು ಮುಳ್ಳೂ ಮೇಲೆ ಕೂಡಿದ್ದು ಕಣ್ಣ ಮುಂದೆ ಬಂತು. ಬಾಯಿ ಬಿಟ್ಟು “ಇಲ್ಲ ಡಾಕ್ಟರ್, ಇವರಲ್ಲಿ ಅದು ಮಧ್ಯಾಹ್ನ” ಎನ್ನಬೇಕಿತ್ತು. ಎಂದರೆ ಮುಂದಿನ ಪ್ರಶ್ನೆ ನಿಮಗೆ ಹೇಗೆ ಗೊತ್ತು ಎಂದು. ಮೆರಿಡಿತ್ ತುಟಿಯಂಚು ಆಗಲೇ ಅಲುಗಿತು. ಅವಳಿಗೂ ಆ ಭಾನುವಾರ ನೆನಪಾಗಿತ್ತೋ, ಅಥವಾ ಬೇರೇನೋ, ನಾನು ಕೇಳಲಿಲ್ಲ. ಬರೀ ಆ ತುಟಿಯಂಚಿಗೆ ಹೆದರಿ,

“ಹೌದು ಡಾಕ್ಟರ್, ಸಂಜೆ ಆರು,” ಎಂದೆ. ಹಾಗೇ ತುಂಬಿದೆ.

ಗೇಹಾರ್ಟ್ ಮನೆಯಲ್ಲಿ ಮಧ್ಯಾಹ್ನವೇ ಇಪ್ಪತ್ತೆಂಟು ಯೂನಿಟ್ ಚುಚ್ಚಿಕೊಂಡು ಬಂದಿದ್ದರು. ಸಂಜೆ ಆರಕ್ಕೆ ನರ್ಸು ಮತ್ತೆ ಇಪ್ಪತ್ತೆಂಟು ಕೊಟ್ಟಳು. ಸಪ್ಪರ್ ಹೊತ್ತು ನೋಡಿ, ಅವರು ಹಾಲು ಕುಡಿದು ಎರಡು ಬಿಸ್ಕತ್ತು ತಿಂದು ಮಲಗಿದರು. ಬೆಳಗ್ಗೆ ನಾನು ಕೆಲಸಕ್ಕೆ ಬರುವ ಹೊತ್ತಿಗೆ ಅವರ ಹಾಸಿಗೆ ಖಾಲಿ. ಸಕ್ಕರೆ ಇಪ್ಪತ್ತೊಂಬತ್ತಕ್ಕೆ ಇಳಿದು ಫಿಟ್ಸ್ ಬಂದು, ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದರು.

ಎರಡು ದಿನ ಅಲ್ಲಿದ್ದರು. ಬದುಕಿದರು. ನಾನು ಹೋದಾಗ ಕಚ್ಚಿಕೊಂಡ ನಾಲಿಗೆ ಊದಿ ಮಾತು ತೊದಲುತ್ತಿತ್ತು. ನನ್ನ ಕೋಟು ನೋಡಿ ಎದ್ದು ಕೂರಲು ಹೋದರು.

“ಸಪ್ಪರ್‌ಗೆ ಸೂಜಿ ಯಾಕವ್ವ ಅಂತ ಆ ನರ್ಸಮ್ಮನ್ನ ಕೇಳ್ದೆ,” ಎಂದರು. “ಕಂಪ್ಯೂಟ್ರಲ್ಲಿ ಹಂಗೇ ಬಂದೈತೆ ಅಂದ್ರು. ಓದ್ದೋರು ಬರ್ದಿರ್ತಾರೆ, ನಂಗೇನ್ ತಿಳೀತದೆ ಅಂತ ಸುಮ್ಕಾದೆ. ನಂದೇ ತಪ್ಪು, ಜೋರಾಗ್ ಹೇಳ್ಬೇಕಾಗಿತ್ತು.”

ಅವರು ನನ್ನ ಕ್ಷಮೆ ಕೇಳುತ್ತಿದ್ದರು. ನಾನು ಅವರ ಹೊದಿಕೆ ಸರಿ ಮಾಡಿ ಹೊರಗೆ ಬಂದೆ. ಅಷ್ಟೇ ನನ್ನ ಕೈಲಾದದ್ದು.

ಗುರುವಾರ ಸಭೆ ಕರೆದರು. ನಮ್ಮಲ್ಲಿ ಇಂಥ ಸಭೆಗೆ ಯಾರನ್ನೂ ದೂರಬಾರದು ಎಂಬ ನಿಯಮವಿದೆ. ದೂರುವುದಿಲ್ಲ ಎಂದು ಹೇಳಿಕೊಂಡೇ ದೂರುವ ಕಲೆ ಎಲ್ಲರಿಗೂ ಚೆನ್ನಾಗಿ ಬರುತ್ತದೆ. ಉದ್ದನೆಯ ಮೇಜು. ಒಂದು ತುದಿಗೆ ಪ್ರೂಯಿಟ್, ಪಕ್ಕದಲ್ಲಿ ನರ್ಸುಗಳ ಮುಖ್ಯಸ್ಥೆ, ಎದುರಿಗೆ ನಾನು, ಕೊನೆಯ ಕುರ್ಚಿಯಲ್ಲಿ ಡೆಲ್ಫಿಯಾ. ಮೆರಿಡಿತ್‌ಳನ್ನು ಕರೆದಿರಲಿಲ್ಲ. ಪರದೆಯ ಮೇಲೆ ಆಕೆ ಬರೆದ ಆ ಸಾಲು, ಕೊಕ್ಕೆ ಸಮೇತ.

“ಡಿನ್ನರ್ ಅಂದ್ರೆ ಮಧ್ಯಾಹ್ನ ಅಂತೆ,” ಎಂದರು ನರ್ಸುಗಳ ಮುಖ್ಯಸ್ಥೆ. “ಇದನ್ನ ನಾವು ಕನಸು ಕಾಣಬೇಕಿತ್ತಾ? ಆಸ್ಪತ್ರೆ ಕಡತದಲ್ಲಿ ಹಳ್ಳಿ ಮಾತು ಬರೆದ್ರೆ ಇನ್ನೇನಾಗುತ್ತೆ?”

ಪ್ರೂಯಿಟ್ ನನ್ನ ಕಡೆ ತಿರುಗಿದರು. ಸೌಮ್ಯವಾಗಿಯೇ ಕೇಳಿದರು. “ತಮಾರಾ, ಆ ಪದಕ್ಕೆ ಬೇರೆ ಅರ್ಥ ಇದೆ ಅಂತ ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಕೇಳದೇ ಹಾಕಿದ್ರೆ ಅದು ಬೇರೆ ವಿಷಯ. ಗೊತ್ತಿರಲಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ.”

ಮಕ್ಕಳ ಆಸ್ಪತ್ರೆಯ ಎರಡು ಜಾಗ, ಪ್ರೂಯಿಟ್ ಬರೆಯಬೇಕಾದ ಪತ್ರ, ಕಡತದಲ್ಲಿ ಬೀಳಬಹುದಾದ ‘ಸುಧಾರಿಸಬೇಕು’, ಎಲ್ಲವೂ ಆ ಪ್ರಶ್ನೆಯೊಳಗಿತ್ತು. ನಾನು ಡೆಲ್ಫಿಯಾ ಕಡೆ ನೋಡಿದೆ. ಆಕೆಯೂ ನನ್ನನ್ನೇ ನೋಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ನನ್ನ ಮಾತು ಕೇಳಿಸಿಕೊಂಡಿದ್ದ ಕಣ್ಣುಗಳು ಅವು.

“ಇಲ್ಲ ಡಾಕ್ಟರ್,” ಎಂದೆ. “ನಮ್ಮ ಕಡೆ ಡಿನ್ನರ್ ಅಂದ್ರೆ ಸಂಜೇದು.”

ಆಕೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳುತ್ತಾರೆ ಎಂದು ಕಾದೆ. ಹೇಳಿಬಿಡಲಿ ಎಂದೂ ಒಂದು ಕ್ಷಣ ಅನ್ನಿಸಿತು. ಆಕೆ ಕಿವಿ ಹಿಂದಿನ ಪೆನ್ಸಿಲ್ ತೆಗೆದು ಮೇಜಿನ ಮೇಲೆ ಇಟ್ಟರು.

“ತಪ್ಪು ನಂದೇ,” ಎಂದರು. “ಗಂಟೆ ಬರೀಬೇಕಾಗಿತ್ತು.”

ಮುಂದಿನ ವಾರ ಹೊಸ ನಿಯಮ ಬಂತು. ರೋಗಿಯ ಮಾತನ್ನು ಹಾಗೇ ಬರೆಯುವಂತಿಲ್ಲ, ಗಂಟೆ ಮಾತ್ರ. ಡೆಲ್ಫಿಯಾರನ್ನು ನೆಲಮಾಳಿಗೆಗೆ ಹಾಕಿದರು. ಅಲ್ಲಿ ಒಂದು ಯಂತ್ರ ಮಾತ್ರೆಗಳನ್ನು ಒಂದೊಂದಾಗಿ ಪೊಟ್ಟಣ ಕಟ್ಟುತ್ತದೆ. ಅದರ ಬಾಯಿಗೆ ಮಾತ್ರೆ ಸುರಿದು, ಹೊರಬಂದ ಪೊಟ್ಟಣ ಸರಿಯಿದೆಯೇ ಎಂದು ನೋಡುವ ಕೆಲಸ. ಶಿಕ್ಷೆ ಅಲ್ಲ, ಬದಲಾವಣೆ ಎಂದರು. ದಿನಕ್ಕೆ ಮೂವತ್ತು ಜನರನ್ನು ಮಾತಾಡಿಸುತ್ತಿದ್ದ ಹೆಂಗಸಿಗೆ ಈಗ ಮಾತಾಡಲು ಯಂತ್ರ ಬಿಟ್ಟರೆ ಯಾರೂ ಇರಲಿಲ್ಲ.

ಆ ವಾರದ ಶುಕ್ರವಾರ ನಾನು ಲಿಫ್ಟಿಗೆ ಕಾಯುತ್ತಿದ್ದಾಗ ಆಕೆ ಸಿಕ್ಕರು. ತನ್ನ ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಕೆಳಗೆ ಹೊರಟಿದ್ದರು.

“ಭಾನುವಾರ ನಮ್ಮನೇಗ್ ಬಾವ್ವ,” ಎಂದರು. “ಡಿನ್ನರ್‌ಗೆ.”

ಅಷ್ಟೇ. ಗಂಟೆ ಹೇಳಲಿಲ್ಲ.

ಆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹನ್ನೆರಡಕ್ಕೆ ಹೋದರೆ ಸಭೆಯಲ್ಲಿ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡ ಹಾಗೆ. ಬಾಯಿ ಬಿಡಬೇಕಾಗಿಯೂ ಇಲ್ಲ, ಹೊತ್ತಿಗೆ ಸರಿಯಾಗಿ ಹೋಗಿ ಬಾಗಿಲು ತಟ್ಟಿದರೆ ಸಾಕು. ಆಕೆ ನನಗೆ ಅಷ್ಟು ಸುಲಭದ ದಾರಿ ತೆರೆದಿಟ್ಟಿದ್ದರು. ಭಾನುವಾರ ಹನ್ನೊಂದಕ್ಕೆ ಒಳ್ಳೆಯ ಬಟ್ಟೆ ತೊಟ್ಟು ಕಾರಿನ ಕೀಲಿ ಕೈಯಲ್ಲಿ ಹಿಡಿದು ಮಂಚದ ಮೇಲೆ ಕೂತೆ. ಹನ್ನೆರಡಾಯಿತು. ಎರಡಾಯಿತು. ಕೂತೇ ಇದ್ದೆ. ಆಕೆ ಈ ವಿಷಯವನ್ನು ಪ್ರೂಯಿಟ್‌ಗೆ ಹೇಳಿಬಿಟ್ಟರೆ ಎಂಬ ಹೆದರಿಕೆ. ಆಕೆ ಅಂಥವರಲ್ಲ ಎಂದು ಗೊತ್ತಿದ್ದೂ ಹೆದರಿಕೆ. ಕೊನೆಗೆ ಐದೂಕಾಲಿಗೆ ಎದ್ದು, ದಾರಿಯಲ್ಲಿ ಹೂವು ಕೊಂಡು, ಸರಿಯಾಗಿ ಆರಕ್ಕೆ ಹೊಳೆ ಪಕ್ಕದ ಆಕೆಯ ಮನೆಯ ಬಾಗಿಲು ತಟ್ಟಿದೆ.

ಡೆಲ್ಫಿಯಾ ಬಾಗಿಲು ತೆಗೆದರು. ಮನೆಯಲ್ಲೇ ಹಾಕುವ ಚಪ್ಪಲಿ, ಹೆಗಲ ಮೇಲೆ ಟವೆಲ್. ನನ್ನನ್ನು ನೋಡಿದರು, ಹೂವನ್ನು ನೋಡಿದರು. ಆಕೆಯ ಮುಖದಲ್ಲಿ ಕಂಡದ್ದು ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ಬಾ, ಒಳಕ್ಕೆ ಬಾ,” ಎಂದರು. “ತಟ್ಟೆ ಮುಚ್ಚಿಟ್ಟಿವ್ನಿ.”

ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿದ್ದವು. ಮೇಜಿನ ಮೇಲೆ ಒಂದೇ ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಕವುಚಿಟ್ಟಿತ್ತು. ಕರಿದ ಕೋಳಿ, ಬೇಯಿಸಿದ ಬೀನ್ಸ್ ಕಾಳು, ಜೋಳದ ಬ್ರೆಡ್ಡು, ಪಕ್ಕದಲ್ಲಿ ಒಣ ಸೇಬಿನ ಪದರು ಕೇಕಿನ ಒಂದು ತುಂಡು. ನಮ್ಮಲ್ಲಿ ಆ ಕೇಕನ್ನು ನೆಂಟರು ಬರುವ ದಿನ ಮಾತ್ರ ಮಾಡುತ್ತಾರೆ, ಎರಡು ದಿನ ಹಿಡಿಯುತ್ತದೆ. ಪಕ್ಕದ ಕೋಣೆಯಿಂದ ಆಕೆಯ ಗಂಡ ಹೋಬರ್ಟ್ ಕೂಗಿದರು.

“ಬಂತಾ ಆ ಹುಡ್ಗಿ? ಎರಡ್ ಗಂಟೆವರ್ಗೂ ಕೈ ತೊಳ್ಕೊಂಡ್ ಕಾದೆ ನಾನು. ಕಾರು ಕೆಟ್ಟೋಗಿತ್ತಾ ಕೇಳೇ!”

“ಸುಮ್ಕಿರು, ಉಣ್ತಾವ್ಳೆ,” ಎಂದರು ಡೆಲ್ಫಿಯಾ.

“ನಾನು... ಸಂಜೆ ಅಂದ್ಕೊಂಡೆ,” ಎಂದೆ. ಕೇಳದಿದ್ದರೂ ಹೇಳಿದೆ. ಹೇಳಬೇಕಾಗಿರಲಿಲ್ಲ.

ಆಕೆ ಎದುರು ಕುರ್ಚಿ ಎಳೆದು ಕೂತರು. “ಹೂಂ. ನಿಮ್ ಕಡೆ ಹಂಗೇ ಅಲ್ವಾ,” ಎಂದರು.

ಆ ತಣ್ಣಗಿನ ಊಟವನ್ನು ಕೊನೆಯ ತುಣುಕಿನವರೆಗೂ ಉಂಡೆ. ಅಂಥ ನಾಚಿಕೆಗೇಡಿನ ಊಟವನ್ನು ನನ್ನ ಜನ್ಮದಲ್ಲಿ ಉಂಡಿಲ್ಲ. ಆಕೆ ಹೂವನ್ನು ನೀರಿಗೆ ಹಾಕಿದರು, ಕೇಕಿನ ಉಳಿದ ಭಾಗವನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ನಾನು ಯಾರ ಮಗಳು ಎಂದು ಮತ್ತೆ ಕೇಳಲಿಲ್ಲ.

ಸರದಿ ಮುಗಿದಾಗ ಜೊತೆ ಕೆಲಸಗಾರರೂ ರೆಸಿಡೆಂಟ್ ಬಗ್ಗೆ ಎರಡು ಸಾಲು ಬರೆದು ಕೊಡಬೇಕು. ಡೆಲ್ಫಿಯಾ ಬರೆದದ್ದು ಈಗಲೂ ನನ್ನ ಕಡತದಲ್ಲಿದೆ: ‘ಕೆಲಸ ಬೇಗ ಕಲಿಯುತ್ತಾರೆ. “ಲೂಯಿವಿಲ್ ಕಡೆಯವರು”.’ ಪ್ರೂಯಿಟ್ ಓದಿ, ಚಿಹ್ನೆ ಯಾಕೆ ಹಾಕಿದ್ದಾರೋ ಎಂದು ನಕ್ಕು ಮುಂದೆ ಹೋದರು. ಕೊಕ್ಕೆಯ ಒಳಗೇನು, ಹೊರಗೇನು ಎಂದು ಆಕೆಯನ್ನು ಬಿಟ್ಟರೆ ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅದರ ಕೆಳಗೇ ಪ್ರೂಯಿಟ್ ಕೈಬರಹದಲ್ಲಿ ‘ಸಾಧಿಸಿದ್ದಾರೆ’.

ಪತ್ರ ಸಿಕ್ಕಿತು, ಮಕ್ಕಳ ಆಸ್ಪತ್ರೆ ಸಿಕ್ಕಿತು. ಕೆಲವು ವರ್ಷದ ನಂತರ ಅಜ್ಜಿಗೆ ಹುಷಾರಿಲ್ಲವೆಂದು ಹಳೆಯ ಆಸ್ಪತ್ರೆಗೇ ಬಂದೆ. ಆ ಹೊತ್ತಿಗೆ ಡೆಲ್ಫಿಯಾ ನಿವೃತ್ತರಾಗಿದ್ದರು. ನನಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ರೋಗಿಗಳ ಔಷಧಿ ವಿಚಾರಿಸುವ ಸರದಿಯಲ್ಲಿ ಹೊಸ ರೆಸಿಡೆಂಟುಗಳನ್ನು ಪಳಗಿಸುವುದು. ಪ್ರತಿ ವರ್ಷ ಮೊದಲ ದಿನ ಅವರಿಗೆ ಡಿನ್ನರ್ ಕತೆ ಹೇಳುತ್ತೇನೆ. ಗಂಟೆ ಕೇಳದೆ ಬರೆಯಬೇಡಿ ಎನ್ನುತ್ತೇನೆ. “ಹಿಂದೆ ಇಲ್ಲಿ ಒಬ್ಬ ರೆಸಿಡೆಂಟ್ ಇದ್ದಳು, ಪೇಟೆಯವಳು, ಪಾಪ ಅವಳಿಗೆ ಗೊತ್ತಿರಲಿಲ್ಲ,” ಎಂದು ಶುರು ಮಾಡುತ್ತೇನೆ. ಹಾಗೆ ಹೇಳಿ ಹೇಳಿ ಎಷ್ಟೋ ಸಲ ನಾನೇ ನಂಬಿದ್ದೂ ಇದೆ.

ಈ ಮಾರ್ಚ್‌ನಲ್ಲಿ ಪ್ರೆಸ್ಟನ್ ಎಂಬ ಹುಡುಗ ನನ್ನ ಸರದಿಯಲ್ಲಿದ್ದ. ನಗರದವನು, ಚುರುಕು, ಸಭ್ಯ. ಬೆಳಗ್ಗೆ ಹತ್ತಕ್ಕೆ ಅವನ ಜೊತೆ ನಾಲ್ಕನೇ ಮಹಡಿಯ ಕೋಣೆಗೆ ಹೋದೆ. ಬಾಗಿಲ ಮೇಲಿನ ಹೆಸರು ಓದುವಷ್ಟರಲ್ಲಿ ಒಳಗೆ ಕಾಲಿಟ್ಟಾಗಿತ್ತು. ಮೈ ಇಳಿದು ಸಣ್ಣಗಾಗಿದ್ದರು. ದಾರದ ಕನ್ನಡಕ ಹಾಗೇ ಇತ್ತು. ಎದೆಬಡಿತ ತಪ್ಪಿದೆಯೆಂದು ಹಿಂದಿನ ದಿನ ದಾಖಲಾಗಿದ್ದರು.

“ನಮಸ್ಕಾರ ಡಾಕ್ಟರ್ ಸ್ಲೋನ್,” ಎಂದರು ಡೆಲ್ಫಿಯಾ.

ಪ್ರೆಸ್ಟನ್ ಕುರ್ಚಿ ಎಳೆದು ಕೂತು ನಾನು ಕಲಿಸಿದ ಹಾಗೆ ಒಂದೊಂದೇ ಕೇಳತೊಡಗಿದ. ಬೆಳಗಿನ ಮಾತ್ರೆ, ಬಿ.ಪಿ. ಮಾತ್ರೆ. ನಾನು ಕಿಟಕಿ ಹತ್ತಿರ ನಿಂತಿದ್ದೆ. ಹೊರಗೆ ಕಾರುಗಳು ನಿಂತಿದ್ದವು. ಅವುಗಳನ್ನೇ ನೋಡುತ್ತಿದ್ದೆ.

“ಸಕ್ಕರೆ ಕಾಯಿಲೆ ಮಾತ್ರೆ ಯಾವಾಗ ತಗೋತೀರಿ?”

“ಡಿನ್ನರ್‌ಗೆ ಮಗಾ.”

ಅವನು ನನ್ನ ಕಡೆ ತಿರುಗಿ, ಪಾಠ ನೆನಪಿದೆ ಎನ್ನುವ ಹಾಗೆ ನಕ್ಕ. ಮತ್ತೆ ಅವರನ್ನು ಕೇಳಿದ. “ಡಿನ್ನರ್ ಅಂದ್ರೆ ಎಷ್ಟು ಗಂಟೆಗೆ?”

ಡೆಲ್ಫಿಯಾ ದಿಂಬಿನ ಮೇಲಿಂದ ತಲೆ ಎತ್ತಿದರು.

“ನಿಮ್ ಡಾಕ್ಟರಮ್ಮನ್ನೇ ಕೇಳು,” ಎಂದರು. “ಅವ್ರ ಕಡೆ ಎಷ್ಟ್ ಗಂಟೆಗೆ ಅಂತ.”

ಪ್ರೆಸ್ಟನ್ ಪೆನ್ನು ಹಿಡಿದು ನನ್ನ ಮುಖ ನೋಡಿದ. ಅವನಿಗೆ ನಾನು ಹೇಳಿದ್ದು ಲೂಯಿವಿಲ್ ಎಂದೇ. ಎಲ್ಲರಿಗೂ ಅದನ್ನೇ ಹೇಳಿದ್ದೆ. ಇವನ ಮುಂದೆ, ತಿಂಗಳ ಕೊನೆಗೆ ನಾನೇ ‘ಸಾಧಿಸಿದ್ದಾರೆ’ ಎಂದು ಬರೆಯಬೇಕಾದ ಇವನ ಮುಂದೆ ಹೇಳಬೇಕು. ಈಗಲೂ ನಗೆಯಾಡಿ ತಪ್ಪಿಸಿಕೊಳ್ಳಬಹುದಿತ್ತು. ನೀವೇ ಹೇಳಿ ಎನ್ನಬಹುದಿತ್ತು. ಆ ಮಾತು ಬಾಯಿಗೆ ಬಂದೂ ಇತ್ತು.

“ಹನ್ನೆರಡು,” ಎಂದೆ. “ಮಧ್ಯಾಹ್ನ ಹನ್ನೆರಡು. ನಮ್ ಕಡೆನೂ ಅದೇಯ.”

ಪ್ರೆಸ್ಟನ್ ಬರೆಯಲು ಹೋದವನು ನಿಲ್ಲಿಸಿದ. “ನೀವು ಲೂಯಿವಿಲ್...” ಎಂದು ಶುರು ಮಾಡಿದವನು ಏನೋ ಹೊಳೆದಂತೆ ಬಾಯಿ ಮುಚ್ಚಿದ. ಕಿವಿಯ ತುದಿ ಕೆಂಪಾಯಿತು. ನನಗಾಗಿ ನಾಚಿಕೊಳ್ಳುತ್ತಿದ್ದ ಹುಡುಗ.

“ಯಾರ್ ಮಗ್ಳವ್ವ ನೀನು?” ಎಂದು ಕೇಳಿದರು ಡೆಲ್ಫಿಯಾ.

“ಕಾಡಿಲ್ ಕೊಳ್ಳದ ಒಪಲ್ ಸ್ಲೋನ್ ಮೊಮ್ಮಗ್ಳು ಕಣವ್ವ. ಟ್ಯಾಮಿ.”

ಆಕೆ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ಕ್ಷಮಿಸಿದೆ ಎನ್ನುತ್ತಾರೆ ಎಂದು ಕಾದೆ. ಅದನ್ನು ಕಾಯುವ ಮುಖವಾದರೂ ನನಗೆ ಎಲ್ಲಿತ್ತು? ಕಣ್ಣು ತೆರೆಯದೆಯೇ ಮಾತಾಡಿದರು. ಸಿಟ್ಟಿರಲಿಲ್ಲ, ದಣಿವಿತ್ತು.

“ಇದನ್ನ ಅವತ್ತು ಆ ಮೇಜಿನ್ ಮುಂದೆ ಅಂದಿದ್ರೆ, ಆರು ವರ್ಷ ನೆಲಮಾಳ್ಗೆ ಒಳ್ಗೆ ಕೂತ್ಕೊಂಡು ನಾನು ಮಿಷಿನ್ ಜೊತೆ ಮಾತಾಡ್ತಿರ್ಲಿಲ್ಲ ಕಣೆ ಟ್ಯಾಮಿ.”

ನಾನು ಕಿಟಕಿ ಬಿಟ್ಟು ಬಂದು ಆಕೆಯ ಮಂಚದ ಪಕ್ಕ ನಿಂತೆ.

“ಬರ್ಕೋ ಮಗಾ,” ಎಂದರು ಆಕೆ ಪ್ರೆಸ್ಟನ್‌ಗೆ. “ಹನ್ನೆರಡು. ಕೊಕ್ಕೆ ಬೇಡ.”